ಹೊಸ ಆತಂಗುಡಿ ಟೈಲ್ಸ್ ಮೇಲೆ ಬಿಳಿ ಬರುತ್ತಿದೆ, ಆಸಿಡ್ ಹಾಕಿಸಬಹುದಾ?

ಚಿಂತಾಮಣಿ ಹೊಸಮನೆ
ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಹತ್ತಿರ ಊರಲ್ಲಿ ಮನೆ ಕಟ್ಟಿಸಿದ್ದೇವೆ, ನೆಲಮಹಡಿ ಮಾತ್ರ. ಹಾಲ್, ಜಗಲಿ, ದೇವರಮನೆ ಮೂರಕ್ಕೂ ಆತಂಗುಡಿ ಟೈಲ್ಸ್ ತರಿಸಿದೆವು, ತಮಿಳುನಾಡಿನ ಚೆಟ್ಟಿನಾಡು ಕಡೆ ಕೈಯಲ್ಲಿ ಮಾಡುವ ಸಿಮೆಂಟ್ ಟೈಲ್ಸ್. ಹತ್ತು ಇಂಚಿನ ಚೌಕ. ಕೆಂಪು, ಹಳದಿ, ಕಪ್ಪು ಬಣ್ಣದ ಹೂವಿನ ಡಿಸೈನ್. ಹಾಕಿದ ದಿನ ನೋಡಿದವರೆಲ್ಲ ಎಲ್ಲಿಂದ ತರಿಸಿದ್ರಿ ಅಂತ ಕೇಳಿದ್ದೇ ಕೇಳಿದ್ದು.

ಗೃಹಪ್ರವೇಶದ ಮುಹೂರ್ತ ಹತ್ತಿರ ಇತ್ತು. ಹಾಗಾಗಿ ಹಾಕಿದ ವಾರದೊಳಗೇ ಹಾಲ್‌ಗೆ, ಜಗಲಿಗೆ ಸೀಲರ್ (ನೀರು, ಕಲೆ ಇಳಿಯದ ಹಾಗೆ ಹಚ್ಚುವ ದ್ರವ) ಹೊಡೆದರು. ಡಬ್ಬಿ ಸಾಲದೆ ದೇವರಮನೆ ಹಾಗೇ ಉಳಿಯಿತು. ಈಗ ಹಾಲ್‌ನಲ್ಲಿ ಜಾಯಿಂಟ್ ಪಕ್ಕದಲ್ಲೆಲ್ಲ ಮೋಡ ಕಟ್ಟಿದ ಹಾಗೆ ಬಿಳಿ ಕಾಣುತ್ತಿದೆ. ಎಷ್ಟು ಒರೆಸಿದರೂ ಹೋಗುತ್ತಿಲ್ಲ. ದೇವರಮನೆಯಲ್ಲೂ ಬಿಳಿ ಪುಡಿ ಬರುತ್ತದೆ, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಣಗಿದ ಮೇಲೆ ಮತ್ತೆ ಹಾಜರ್.

ಮೇಸ್ತ್ರಿ ಹೇಳೋದು, ಆಸಿಡ್ ಹಾಕಿ ಉಜ್ಜಿದರೆ ಒಂದೇ ಏಟಿಗೆ ಹೋಗುತ್ತದೆ ಅಂತ. ಸೀಲರ್ ಮಾರಿದವರು ಇನ್ನೊಂದು ಕೋಟ್ ಹೊಡೆಯಿರಿ ಅಂತಾರೆ. ನಮ್ಮಮ್ಮ ಮಾತ್ರ "ಗ್ರಾನೈಟ್ ಹಾಕಿಸು ಅಂದೆ, ಕೇಳಿದೆಯಾ?" ಅಂತ ದಿನಾ ಶುರು ಮಾಡುತ್ತಾರೆ. ಯಾರ ಮಾತು ಕೇಳಲಿ?

ಮಾಲೂರು ಗಾರೆ
ಆಸಿಡ್ ಬೇಡ. ಇನ್ನೊಂದು ಕೋಟೂ ಬೇಡ. ಸಂಜೆ ಕೆಲಸ ಮುಗಿಸಿ ಬಂದು ವಿವರವಾಗಿ ಬರೆಯುತ್ತೇನೆ, ಅಲ್ಲಿಯವರೆಗೆ ಮೇಸ್ತ್ರಿಯನ್ನು ಒಳಗೆ ಬಿಡಬೇಡಿ.

ಸಿರಾ ಗೇಟ್
ನಿಮ್ಮಮ್ಮನ ಮಾತು ಕೇಳಬೇಕಿತ್ತು 😄 ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಯಾವ ಕಡೆ ತಿರುಗಿದರೂ ಕಲ್ಲು ಕ್ವಾರಿ. ಮನೆ ಬಾಗಿಲಲ್ಲಿ ಕಲ್ಲು ಇಟ್ಟುಕೊಂಡು ನಾನೂರು ಕಿಲೋಮೀಟರ್ ದೂರದಿಂದ ಸಿಮೆಂಟ್ ಬಿಲ್ಲೆ ತರಿಸೋದು ಯಾವ ಲೆಕ್ಕ?

ಚಿಂತಾಮಣಿ ಹೊಸಮನೆ
ಅಣ್ಣ, ಆ ಭಾಷಣ ಮನೇಲೇ ಫ್ರೀಯಾಗಿ ಸಿಗುತ್ತಿದೆ. ಈಗ ಹಾಕಿ ಆಗಿದೆ, ಮುಂದೇನು ಹೇಳಿ.

ಕೋಲಾರ ಕೆಮಿಸ್ಟ್ರಿ
ಮೇಡಂ, ಮೊದಲು ಒಂದು ಪರೀಕ್ಷೆ. ದೇವರಮನೆಯ ಪುಡಿ ನೀರಿಗೆ ಕರಗುತ್ತದೆ ಅಂದರೆ ಅದು ಉಪ್ಪು. ನೀರಿನಿಂದಲೋ ಮರಳಿನಿಂದಲೋ ಬಂದಿದ್ದು. ನೀರಿಗೆ ಕರಗದೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಸುಣ್ಣ. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಸುಣ್ಣ ಬಿಡುಗಡೆ ಆಗುತ್ತದೆ. ತೇವದ ಜೊತೆ ಅದು ಮೇಲಕ್ಕೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದು ಒರೆಸಿದರೆ ಹೋಗೋದಲ್ಲ.

ಎರಡಕ್ಕೂ ಮೇಲಕ್ಕೆ ಬರೋಕೆ ಗಾಡಿ ಒಂದೇ, ನೀರು. ಅಡಿಯಲ್ಲಿ ತೇವ ಇರೋ ತನಕ ಬರುತ್ತಲೇ ಇರುತ್ತದೆ.

ಎರಡು ಪ್ರಶ್ನೆ. ಗಾರೆ ಕಲಸಿದ್ದು ಬೋರ್‌ವೆಲ್ ನೀರಲ್ಲಾ? ಮರಳು ಯಾವುದು?

ಚಿಂತಾಮಣಿ ಹೊಸಮನೆ
ಬೋರ್ ನೀರೇ ಸರ್, ನಮ್ಮ ಕಡೆ ಬೇರೆ ಯಾವ ನೀರಿದೆ? ಗೋಡೆಗೆ ಎಂ-ಸ್ಯಾಂಡ್. ನೆಲಕ್ಕೆ ಮೇಸ್ತ್ರಿನೇ ಒಂದು ಲೋಡ್ ಮರಳು ತರಿಸಿದ್ದರು. ನುಣ್ಣಗೆ, ಸ್ವಲ್ಪ ಕೆಂಪಗಿತ್ತು.

ಕೋಲಾರ ಕೆಮಿಸ್ಟ್ರಿ
ನುಣ್ಣಗೆ, ಕೆಂಪಗೆ ಅಂದರೆ ಬಹುಶಃ ಫಿಲ್ಟರ್ ಮರಳು. ಕೆರೆ ಅಂಗಳದ ಮಣ್ಣು ತೊಳೆದು ಮರಳು ಅಂತ ಮಾರೋದು. ಅದರಲ್ಲಿ ಜೇಡಿ, ಉಪ್ಪು ಎರಡೂ ಉಳಿದಿರುತ್ತದೆ. ಹಿಡಿಯಷ್ಟು ಉಳಿದಿದ್ದರೆ ಗಾಜಿನ ಲೋಟಕ್ಕೆ ಹಾಕಿ, ನೀರು ತುಂಬಿ, ಕಲಕಿ ಇಡಿ. ಮೇಲೆ ಮಣ್ಣಿನ ಪದರ ದಪ್ಪಗೆ ಕೂತರೆ ಗೊತ್ತಾಗುತ್ತದೆ.

ಮುಳಬಾಗಿಲು ದೋಸೆ
ಫಿಲ್ಟರ್ ಮರಳು ಅಂದರೇನು ಅಂತ ನಮ್ಮೂರ ಕೆರೆ ನೋಡಿದರೆ ಸಾಕು. ಅಗೆದು ಅಗೆದು ಅಂಗಳವೇ ಇಲ್ಲ. ಅದಕ್ಕೆ ಈಗ ಕೆ.ಸಿ. ವ್ಯಾಲಿ ನೀರು ಬಿಟ್ಟಿದ್ದಾರೆ, ಬೆಂಗಳೂರಿನ ಚರಂಡಿ ನೀರು ಎರಡೇ ಹಂತ ಶುದ್ಧಿ ಮಾಡಿ...

ಶಿಡ್ಲಘಟ್ಟ ಗೂಡು
ದೋಸೆಯವರೇ, ಕೆ.ಸಿ. ವ್ಯಾಲಿಗೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಪಾಪ ಆಕೆ ನೆಲದ ಬಗ್ಗೆ ಕೇಳಿದ್ದಾರೆ.

ಮಾಲೂರು ಗಾರೆ
ಬಂದೆ. ನಾನು ಗಾರೆ ಕೆಲಸದವನು. ಮಾಲೂರು, ಬಂಗಾರಪೇಟೆ, ಹೊಸಕೋಟೆ ಕಡೆ ಈ ಟೈಲ್ಸ್ ಹಾಕಿದ್ದೇನೆ. ಅದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಆಸಿಡ್ ಪ್ರಶ್ನೆಯೇ ಬರೋಲ್ಲ.

ಗಾಜಿನ ಹಲಗೆ ಕೆಳಗೆ. ಅದರ ಮೇಲೆ ಕಬ್ಬಿಣದ ಚೌಕಟ್ಟು, ಅದರೊಳಗೆ ಡಿಸೈನ್ ಅಚ್ಚು. ಅಚ್ಚಿನ ಒಂದೊಂದು ಮನೆಗೆ ಒಂದೊಂದು ಬಣ್ಣದ ಸಿಮೆಂಟ್ ತೆಳ್ಳಗೆ ಹುಯ್ಯುತ್ತಾರೆ. ಅಚ್ಚು ಎತ್ತಿದ ಮೇಲೆ ಒಣ ಸಿಮೆಂಟ್-ಮರಳು ಉದುರಿಸಿ, ಹಿಂಬದಿಗೆ ಗಾರೆ ತುಂಬಿ ಕರಣೆಯಲ್ಲಿ ಸವರುತ್ತಾರೆ. ಆಮೇಲೆ ನೀರಿನ ತೊಟ್ಟಿಯಲ್ಲಿ ಕ್ಯೂರಿಂಗ್, ನೆರಳು ಬಿಸಿಲಲ್ಲಿ ಒಣಗಿಸೋದು. ಗೂಡಿಲ್ಲ, ಸುಡೋದಿಲ್ಲ. ಗಾಜಿಂದ ಬಿಡಿಸಿದಾಗ ಆ ಹೊಳಪು ಬರೋದು ಗಾಜಿನ ನುಣುಪಿಂದ. ಮೇಲೆ ಗ್ಲೇಜ್ ಏನೂ ಇಲ್ಲ. ಬಣ್ಣದ ಪದರ ಕೆಲವೇ ಮಿಲಿಮೀಟರ್, ಅದೂ ಬರೀ ಸಿಮೆಂಟ್.

ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ಬಿಳಿ ಹೋಗುತ್ತದೆ ನಿಜ, ಜೊತೆಗೆ ಮೇಲಿನ ಸಿಮೆಂಟ್ ಪದರವೂ ಹೋಗುತ್ತದೆ. ಹೊಳಪು ಸತ್ತು, ಕೈಯಾಡಿಸಿದರೆ ಮರಳು ಮರಳಾಗಿ ಸಿಗುತ್ತದೆ. ಆಮೇಲೆ ಕಾಫಿ ಬಿದ್ದರೆ ಕಾಫಿ ಕಲೆ, ಎಣ್ಣೆ ಬಿದ್ದರೆ ಎಣ್ಣೆ ಕಲೆ. ನಿಮ್ಮ ಮೇಸ್ತ್ರಿ ಕೆಟ್ಟವರೇನಲ್ಲ, ವಿಟ್ರಿಫೈಡ್ ಹಾಕಿ ಹಾಕಿ ಅದೇ ಕೈ ಕೂತಿದೆ. ಅದರ ಮೇಲೆ ಆಸಿಡ್ ಹಾಕಿದರೂ ಟೈಲ್ಸ್‌ಗೆ ಏನೂ ಆಗೋಲ್ಲ. ಇದು ಬೇರೆ ಜಾತಿ.

ಇನ್ನು ಸೀಲರ್. ಅಡಿಗೆ ಒಂದಿಂಚಿನ ಗಾರೆ ಬೆಡ್, ಅದರ ಮೇಲೆ ನೀರಲ್ಲಿ ಅದ್ದಿ ಹಾಕಿದ ಟೈಲ್ಸ್. ಅಷ್ಟೂ ತೇವ ಮೇಲಿಂದಲೇ ಆರಬೇಕು. ವಾರಕ್ಕೇ ಮುಚ್ಚಳ ಹಾಕಿಬಿಟ್ಟಿರಿ.

ತಿಪಟೂರು ಕೊಬ್ಬರಿ
ಇಷ್ಟೆಲ್ಲ ಯಾಕೆ? ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬಿಳಿ ಮಾಯ. ಚೆಟ್ಟಿನಾಡಿನ ಮನೆಗಳಲ್ಲಿ ಇವತ್ತಿಗೂ ಅದೇ ಮಾಡೋದು. ನಮ್ಮ ಅಜ್ಜಿ ಮನೆ ರೆಡ್ ಆಕ್ಸೈಡ್ ನೆಲಕ್ಕೂ ಅದೇ.

ಮಾಲೂರು ಗಾರೆ
ಎಣ್ಣೆ ಒಳ್ಳೆಯದೇ ಸ್ವಾಮಿ, ಆದರೆ ಒಣಗಿದ ನೆಲಕ್ಕೆ. ಒದ್ದೆ ನೆಲಕ್ಕೆ ಎಣ್ಣೆ ಹಚ್ಚಿದರೆ ಬಿಳಿ ಕಾಣಿಸೋಲ್ಲ ಅಷ್ಟೇ, ಹೋಗಿರೋಲ್ಲ. ಹಾಕೋದಾದರೂ ಬಟ್ಟೆಗೆ ನಾಲ್ಕು ಹನಿ. ಸುರಿದರೆ ಧೂಳು ಹಿಡಿದು ಕಪ್ಪಗಾಗುತ್ತದೆ, ವಯಸ್ಸಾದವರು ಜಾರುತ್ತಾರೆ.

ತಿಪಟೂರು ಕೊಬ್ಬರಿ
ನಮ್ಮ ಕಡೆ ಯಾರೂ ಜಾರಿಲ್ಲ 😀 ಆದರೂ ನಾಲ್ಕು ಹನಿ ಮಾತು ಒಪ್ಪಿದೆ. ಎಣ್ಣೆ ರೇಟು ನೋಡಿದರೆ ಸುರಿಯೋಕೆ ನಮಗೂ ಮನಸ್ಸಿಲ್ಲ.

ಗುಬ್ಬಿ ಗೃಹಿಣಿ
ನಾನು ಅಂಟುವಾಳದ ನೀರಲ್ಲಿ ಒರೆಸುತ್ತೇನೆ. ಕೆಮಿಕಲ್ ಇಲ್ಲ, ನ್ಯಾಚುರಲ್.

ಕೋಲಾರ ಕೆಮಿಸ್ಟ್ರಿ
ಅಕ್ಕಾ, ಅಂಟುವಾಳದ ನೀರಿಗೂ ಸ್ವಲ್ಪ ಆಮ್ಲದ ಗುಣ ಇದೆ. ನ್ಯಾಚುರಲ್ ಅಂದ ಮಾತ್ರಕ್ಕೆ ಸಿಮೆಂಟ್‌ಗೆ ಒಳ್ಳೆಯದು ಅಂತಲ್ಲ, ಹುಣಸೆಹಣ್ಣೂ ನ್ಯಾಚುರಲ್ಲೇ. ತುಂಬಾ ತೆಳು ಮಾಡಿ ಒರೆಸಿ ತಕ್ಷಣ ನೀರಲ್ಲಿ ಒರೆಸಿದರೆ ದೊಡ್ಡ ತೊಂದರೆ ಏನಿಲ್ಲ. ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್ ಮಾತ್ರ ಹತ್ತಿರ ತರಬೇಡಿ. ಹಾಗಂತ ನಿಂಬೆ ವಾಸನೆ ಇರೋ ಫ್ಲೋರ್ ಕ್ಲೀನರ್ ಎಲ್ಲ ಆಮ್ಲ ಅಲ್ಲ, ವಾಸನೆಗೂ ಗುಣಕ್ಕೂ ಸಂಬಂಧ ಇಲ್ಲ. ಡಬ್ಬಿ ಹಿಂದೆ ಪಿಎಚ್ ಬರೆದಿದ್ದರೆ ಏಳರ ಆಸುಪಾಸು ಇರಲಿ.

ಬಾಗೇಪಲ್ಲಿ ಬಿಸಿಲು
ನಾವು ಆರ್‌ಒ ಫಿಲ್ಟರ್‌ನ ವೇಸ್ಟ್ ನೀರು ಹಿಡಿದಿಟ್ಟು ನೆಲ ಒರೆಸುತ್ತೇವೆ, ನೀರು ಉಳಿಯುತ್ತೆ ಅಂತ. ನಮ್ಮ ಮೊಸಾಯಿಕ್ ನೆಲಕ್ಕೂ ಬಿಳಿ ಪದರ ಬಂದಿದೆ. ಸಂಬಂಧ ಇದೆಯಾ?

ಕೋಲಾರ ಕೆಮಿಸ್ಟ್ರಿ
ಇದೆ! ಆರ್‌ಒ ಹೊರಗೆ ಬಿಡೋ ನೀರಲ್ಲಿ ಬೋರ್ ನೀರಿಗಿಂತ ಉಪ್ಪು ಜಾಸ್ತಿ. ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಅಲ್ಲೇ ಇರೋದು. ಐಎಸ್ 10500, ಅಂದರೆ ಕುಡಿಯೋ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600 ತನಕ. ನಿಮ್ಮ ಬೋರ್ ನೀರು ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಫ್ಲೋರೈಡ್ ಜೊತೆಗೆ. ವೇಸ್ಟ್ ನೀರನ್ನ ಟಾಯ್ಲೆಟ್‌ಗೆ ಹಾಕಿ. ನೆಲಕ್ಕೆ ಮಳೆ ನೀರು ಸಿಕ್ಕರೆ ಒಳ್ಳೆಯದು.

ಸಿರಾ ಗೇಟ್
ಬಾಗೇಪಲ್ಲಿಯವರಿಗೆ ಮಳೆ ನೀರಲ್ಲಿ ನೆಲ ಒರೆಸಿ ಅಂತೀರಲ್ಲ ಸಾರ್, ಕುಡಿಯೋಕೇ ಇಲ್ಲ 😂

ಗೌರಿಬಿದನೂರು ಗಣಿ
ಒಂದು ಅನುಮಾನ. ಅದು ನಿಜವಾಗಲೂ ಆತಂಗುಡಿನಾ? ಈಗ ಗುಜರಾತಿನ ಮೋರ್ಬಿಯಿಂದ ಅದೇ ಡಿಸೈನ್ ಪ್ರಿಂಟ್ ಮಾಡಿದ ಸೆರಾಮಿಕ್ ಬರುತ್ತಿದೆ. ಅಂಗಡಿಯಲ್ಲಿ ಅದಕ್ಕೂ ಆತಂಗುಡಿ ಅಂತಲೇ ಕರೆಯುತ್ತಾರೆ. ನನ್ನ ತಂಗಿ ಹೀಗೇ ತಂದಳು.

ಮಾಲೂರು ಗಾರೆ
ಉಪ್ಪು ಬಿಟ್ಟಿದೆ ಅಂದರೆ ಸಿಮೆಂಟಿನದೇ, ಪ್ರಿಂಟ್ ಟೈಲ್ಸ್ ಮುಖದಲ್ಲಿ ಹೀಗೆ ಬರೋಲ್ಲ. ಮುಂದೆ ಕೊಳ್ಳೋರಿಗೆ ಹೇಳುತ್ತೇನೆ. ಉಳಿದ ಒಂದನ್ನ ಅಡ್ಡ ಹಿಡಿದು ನೋಡಿ. ಮೇಲೆ ತೆಳ್ಳಗೆ ಬಣ್ಣ, ಕೆಳಗೆಲ್ಲ ಬೂದು ಗಾರೆ, ಮುಕ್ಕಾಲಿಂದ ಒಂದಿಂಚು ದಪ್ಪ, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ. ಹಿಂಬದಿಗೆ ನೀರು ಚಿಮುಕಿಸಿದರೆ ಹೀರುತ್ತದೆ. ತೂಕ ಚದರಡಿಗೆ ನಾಲ್ಕೈದು ಕೆಜಿ. ಆರುನೂರು ಚದರಡಿ ಅಂದರೆ ಎರಡೂವರೆ, ಮೂರು ಟನ್. ಇದನ್ನ ಲೆಕ್ಕ ಹಾಕದೆ ಟೈಲ್ಸ್ ರೇಟು ಮಾತ್ರ ಕೇಳಿ ಆರ್ಡರ್ ಮಾಡಿ, ಆಮೇಲೆ ಲಾರಿ ಬಾಡಿಗೆ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡವರನ್ನ ನೋಡಿದ್ದೇನೆ.

ಇನ್ನೊಂದು ಜಾತಿಯೂ ಇದೆ, ಒತ್ತು ಯಂತ್ರದಲ್ಲಿ ಒತ್ತಿ ಮಾಡೋ ಸಿಮೆಂಟ್ ಟೈಲ್ಸ್. ಮುಂಬೈಯಲ್ಲಿ 1922ರಿಂದ ಮಾಡುತ್ತಿರುವ ಕಂಪನಿ ಇದೆ. ಅದಕ್ಕೆ ಗಾಜಿನ ಹೊಳಪಿಲ್ಲ, ಮಂಕಾಗಿ ಇರುತ್ತದೆ, ಆದರೆ ಅಳತೆ ಕರೆಕ್ಟ್.

ಕ್ಯಾತಸಂದ್ರ ಪ್ಲಾನು
ತುಮಕೂರಲ್ಲಿ ಮನೆ ಪ್ಲಾನ್ ಹಾಕೋ ಕೆಲಸ ನನ್ನದು. ನನ್ನ ಪ್ರಕಾರ ತಪ್ಪು ಬೆಡ್‌ನಲ್ಲೇ ಇದೆ. ಈ ಕಾಲದಲ್ಲಿ ಯಾರು ಗಾರೆ ಬೆಡ್ ಮೇಲೆ ಹಾಕುತ್ತಾರೆ? ಕಾಂಕ್ರೀಟ್ ನೆಲ ಮಟ್ಟ ಮಾಡಿ, ಪೂರ್ತಿ ಆರಲು ಬಿಟ್ಟು, ಟೈಲ್ ಅಡ್ಹೆಸಿವ್‌ನಲ್ಲಿ ಅಂಟಿಸಿದ್ದರೆ ಇಷ್ಟು ನೀರೇ ಒಳಗೆ ಹೋಗುತ್ತಿರಲಿಲ್ಲ.

ಮಾಲೂರು ಗಾರೆ
ಸರ್, ಒಂದು ಟೈಲ್ ಹದಿನೆಂಟು ಎಂಎಂ, ಪಕ್ಕದ್ದು ಇಪ್ಪತ್ತೆರಡು. ಅಡ್ಹೆಸಿವ್ ಐದಾರು ಎಂಎಂನಲ್ಲಿ ಹೇಗೆ ಮಟ್ಟ ತರುತ್ತೀರಿ? ಗಾರೆ ಬೆಡ್‌ನಲ್ಲಾದರೆ ಒಂದೊಂದನ್ನೂ ತಟ್ಟಿ ಇಳಿಸಬಹುದು, ಎತ್ತಿ ಕೂರಿಸಬಹುದು.

ಕ್ಯಾತಸಂದ್ರ ಪ್ಲಾನು
ಒತ್ತಿದ ಟೈಲ್ಸ್‌ಗೆ ತರಬಹುದು. ಕೈಯಲ್ಲಿ ಮಾಡಿದ್ದಕ್ಕೆ ನೀವು ಹೇಳಿದ್ದು ಸರಿ ಅಂತಿಟ್ಟುಕೊಳ್ಳೋಣ. ಆದರೂ ನೆಲಮಹಡಿಯಲ್ಲಿ ಕಾಂಕ್ರೀಟ್ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಇಲ್ಲದಿದ್ದರೆ ಭೂಮಿ ತೇವ ಜೀವಮಾನ ಪೂರ್ತಿ ಮೇಲೆ ಬರುತ್ತದೆ. ಮೇಡಂ, ಹಾಸಿದ್ದರಾ?

ಚಿಂತಾಮಣಿ ಹೊಸಮನೆ
ಹಾಸಿದ್ದರು ಸರ್, ಫೋಟೋ ಇದೆ. ಇಂಜಿನಿಯರ್ ಆ ಒಂದು ವಿಷಯದಲ್ಲಿ ಬಿಡಲಿಲ್ಲ.

ಕ್ಯಾತಸಂದ್ರ ಪ್ಲಾನು
ಹಾಗಾದರೆ ಅರ್ಧ ಚಿಂತೆ ಬಿಡಿ. ಕೆಳಗಿಂದ ಹೊಸ ನೀರು ಬರುತ್ತಿಲ್ಲ, ಒಳಗಿರೋದು ಆರಬೇಕು ಅಷ್ಟೆ.

ಆರಿದೆಯಾ ಇಲ್ವಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ತಗೊಂಡು, ಸೀಲರ್ ಹಾಕದ ದೇವರಮನೆ ನೆಲಕ್ಕೆ ನಾಲ್ಕೂ ಅಂಚು ಟೇಪ್ ಮಾಡಿ. ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ಆ ಜಾಗದ ಬಣ್ಣ ಗಾಢವಾಗಿದ್ದರೆ ಇನ್ನೂ ತೇವ ಇದೆ.

ಶಿಡ್ಲಘಟ್ಟ ಗೂಡು
ನಮ್ಮನೆಯದು ಬೇರೆ ಕಥೆ. ಹೊಸ ಆತಂಗುಡಿ ಮೇಲೆ ಗೌರಿ ಹಬ್ಬಕ್ಕೆ ಅರಿಶಿನ ಕಲಸಿದ ಬಟ್ಟಲು ಚೆಲ್ಲಿತು. ಹಳದಿ ಕಲೆ ಆಗುತ್ತೆ ಅಂದುಕೊಂಡರೆ ಕೆಂಪಗಾಯಿತು! ಅತ್ತೆ ಇದು ಅಪಶಕುನ ಅಂತ ಕೂತರು.

ಕೋಲಾರ ಕೆಮಿಸ್ಟ್ರಿ
ನಿಮ್ಮತ್ತೆಗೆ ಹೇಳಿ, ಅಲ್ಲೇ ಕುಂಕುಮ ತಯಾರಾಗಿದೆ ಅಂತ. ಹಳೇ ಕಾಲದಲ್ಲಿ ಕುಂಕುಮ ಮಾಡುತ್ತಿದ್ದದ್ದೇ ಅರಿಶಿನಕ್ಕೆ ಸುಣ್ಣ ಸೇರಿಸಿ. ಹೊಸ ಸಿಮೆಂಟ್‌ನಲ್ಲಿ ಕ್ಷಾರ ಜಾಸ್ತಿ, ಅದಕ್ಕೆ ಅರಿಶಿನ ಕೆಂಪಾಗುತ್ತದೆ. ನಿಂಬೆಹಣ್ಣು ಹಿಂಡಬೇಡಿ, ಬಣ್ಣ ಹಳದಿಗೆ ತಿರುಗುತ್ತೆ, ಟೈಲ್ಸ್ ಹಾಳಾಗುತ್ತೆ. ಸೋಪಿನ ನೀರಲ್ಲಿ ಒರೆಸಿ, ಬಿಸಿಲು ಬೀಳೋ ಹಾಗೆ ಕಿಟಕಿ ತೆರೆದಿಡಿ. ಅರಿಶಿನ ಬಿಸಿಲಿಗೆ ತಾನೇ ಮಾಸುತ್ತದೆ.

ಶಿಡ್ಲಘಟ್ಟ ಗೂಡು
ಓದಿ ಹೇಳಿದೆ. "ಹಾಗಾದರೆ ಶುಭವೇ" ಅಂದರು. ಮುಗಿಯಿತು.

ಶ್ರೀನಿವಾಸಪುರ ಮಾವು
ಅಡುಗೆಮನೆಗೆ ಮಾತ್ರ ಯಾರೂ ಇದನ್ನ ಹಾಕಿಸಬೇಡಿ. ನಮ್ಮ ಚಿಕ್ಕಮ್ಮ ಹಾಕಿಸಿದರು. ನೋಡೋಕೆ ಚೆಂದ, ಮೊದಲ ಮಾವಿನ ಸೀಸನ್ ತನಕ. ನಮ್ಮೂರಲ್ಲಿ ಉಪ್ಪಿನಕಾಯಿ ಹಾಕೋದು ಅಂದರೆ ನೆಲದ ಮೇಲೆ ಹಾಸಿಕೊಂಡು ಹೆಚ್ಚಿ ಗುಡ್ಡೆ ಹಾಕೋದು. ಹುಳಿ ರಸ ಇಳಿದ ಕಡೆಯೆಲ್ಲ ಹೊಳಪು ಹೋಗಿ ಚುಕ್ಕೆ ಚುಕ್ಕೆ. ಮೇಲೆ ಹುಣಸೆ ರಸ, ಮಜ್ಜಿಗೆ, ಟೊಮೇಟೊ. ನಮ್ಮ ಅಡುಗೆಯಲ್ಲಿ ಹುಳಿ ಇಲ್ಲದ್ದು ಯಾವುದಿದೆ ಹೇಳಿ?

ಗೌರಿಬಿದನೂರು ಗಣಿ
ಚೆಟ್ಟಿನಾಡಿನವರು ಹುಳಿ ತಿನ್ನೋಲ್ವಾ? ಅವರ ಮನೆಗಳಲ್ಲಿ ತಲೆಮಾರುಗಳಿಂದ ಇದೇ ನೆಲ.

ಶ್ರೀನಿವಾಸಪುರ ಮಾವು
ಹಾಲ್‌ನಲ್ಲಿ, ಪಡಸಾಲೆಯಲ್ಲಿ. ಅಡುಗೆ ಮಾಡೋ ಜಾಗ ಹಿಂದುಗಡೆ ಬೇರೆ. ದೊಡ್ಡ ಮನೆ ಕಟ್ಟಿದವರ ಲೆಕ್ಕ ಮೂವತ್ತು-ನಲವತ್ತು ಸೈಟಿಗೆ ಬರೋಲ್ಲ.

ಕುಣಿಗಲ್ ಕುದುರೆ
ನನ್ನದೊಂದು ವೋಟು ರೆಡ್ ಆಕ್ಸೈಡ್‌ಗೆ. ಲಾರಿ ಬಾಡಿಗೆ ಇಲ್ಲ, ಜಾಯಿಂಟ್ ಇಲ್ಲ.

ಮಾಲೂರು ಗಾರೆ
ಜಾಯಿಂಟ್ ಇಲ್ಲ, ಅದಕ್ಕೇ ಬಿರುಕು ಇದೆ. ದೊಡ್ಡ ಹಾಲ್ ಆದರೆ ಗಾಜಿನ ಪಟ್ಟಿ ಇಟ್ಟು ಭಾಗ ಮಾಡಲೇಬೇಕು. ಮತ್ತೆ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರೋ ಕೈಗಳು ಈಗ ಎಷ್ಟಿವೆ? ನಮ್ಮ ಹುಡುಗರು ಅರ್ಧ ದಿನ ಮಂಡಿಯೂರಿ ಕೂರೋಲ್ಲ. ಆತಂಗುಡಿಯಲ್ಲಿ ಆ ಕಷ್ಟದ ಕೆಲಸ ಅಲ್ಲೇ ಮುಗಿದು ಬರುತ್ತದೆ. ಒಂದು ಒಡೆದರೂ ಜಾಯಿಂಟ್ ಕೊಯ್ದು, ನಡುವಿನಿಂದ ಅಂಚಿಗೆ ಚಿಪ್ಪೆಬ್ಬಿಸಿ ಬದಲಾಯಿಸಬಹುದು. ಅದಕ್ಕೇ ಹೇಳೋದು, ನೂರಕ್ಕೆ ಹತ್ತು ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಮುಂದಿನ ವರ್ಷ ಕೇಳಿದರೆ ಅದೇ ಡಿಸೈನ್ ಸಿಗುತ್ತೆ, ಅದೇ ಕೆಂಪು ಸಿಗೋಲ್ಲ.

ಚಿಂತಾಮಣಿ ಹೊಸಮನೆ
ಪ್ಲಾಸ್ಟಿಕ್ ಪರೀಕ್ಷೆ ಮಾಡಿದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ಹನಿ. ಲೋಟದ ಮರಳಲ್ಲಿ ಮೇಲೆ ಅರ್ಧ ಬೆರಳು ಜೇಡಿ. ಮೇಸ್ತ್ರಿಗೆ ಫೋಟೋ ಕಳಿಸಿದೆ, ಉತ್ತರ ಬಂದಿಲ್ಲ. ಸರಿ, ಈಗ ಹಾಲ್‌ನ ಸೀಲರ್ ಏನು ಮಾಡಲಿ?

ಕ್ಯಾತಸಂದ್ರ ಪ್ಲಾನು
ಅದು ಯಾವ ಜಾತಿ ಸೀಲರ್ ಅನ್ನೋದರ ಮೇಲಿದೆ. ಒಳಗೆ ಇಂಗುವ ಜಾತಿ, ಸಿಲೇನ್-ಸಿಲೋಕ್ಸೇನ್ ಅಂತ ಡಬ್ಬಿ ಮೇಲಿರುತ್ತೆ, ಅದಾದರೆ ತೇವ ಆವಿಯಾಗಿ ಹೊರಗೆ ಹೋಗೋಕೆ ದಾರಿ ಇರುತ್ತದೆ. ಸುಮ್ನೆ ಕಾಯಿರಿ. ಅಕ್ರಿಲಿಕ್ ಥರ ಮೇಲೆ ಪೊರೆ ಕಟ್ಟುವುದಾದರೆ ಬಿಳಿ ಆ ಪೊರೆಯ ಅಡಿಯಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಒರೆಸಿದರೆ ಹೋಗುತ್ತಿಲ್ಲ. ಉಗುರಲ್ಲಿ ಕೆರೆದು ನೋಡಿ, ಸಿಪ್ಪೆ ಥರ ಏಳುತ್ತದಾ?

ಚಿಂತಾಮಣಿ ಹೊಸಮನೆ
ಮೂಲೆಯಲ್ಲಿ ಕೆರೆದೆ. ತೆಳ್ಳಗೆ ಏಳುತ್ತಿದೆ.

ಕ್ಯಾತಸಂದ್ರ ಪ್ಲಾನು
ಹಾಗಾದರೆ ಪೊರೆ ತೆಗೆಸಬೇಕು. ಅದೇ ಕಂಪನಿಯ ರಿಮೂವರ್ ಸಿಗುತ್ತದೆ. ಆಮ್ಲ ಇಲ್ಲದ್ದೇ ಅಂತ ಕೇಳಿ ತಗೊಳ್ಳಿ, ಮೊದಲು ಬೀರು ಹಿಂದೆ ಒಂದು ಟೈಲ್ ಮೇಲೆ ಹಚ್ಚಿ ನೋಡಿ, ಕಿಟಕಿ ತೆರೆದಿಡಿ. ಕಬ್ಬಿಣದ ಬ್ರಷ್ ಬೇಡ, ಬಿಳಿ ನೈಲಾನ್ ಪ್ಯಾಡ್ ಸಾಕು. ಪಾಲಿಷ್ ಮೆಷಿನ್ ಹಚ್ಚುತ್ತೇವೆ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅದು ಮೊಸಾಯಿಕ್‌ಗೆ ಸರಿ, ಇಲ್ಲಿ ಗಾಜಿಂದ ಬಂದ ಹೊಳಪು ಮೊದಲ ಸುತ್ತಿಗೇ ಹೋಗುತ್ತದೆ.

ಮಾಲೂರು ಗಾರೆ
ಪೊರೆ ತೆಗೆದ ಮೇಲೆ ನೆಲ ಹಾಗೇ ಬಿಡಿ. ದಿನಾ ಒಣ ಪೊರಕೆ, ಮೆತ್ತನೆ ಬ್ರಷ್‌ನಲ್ಲಿ ಪುಡಿ ಗುಡಿಸಿ ಹೊರಗೆ ಹಾಕಿ. ನೀರು ಕಡಿಮೆ. ಪ್ರತಿ ಸಲ ಒದ್ದೆ ಮಾಡಿದಾಗ ಉಪ್ಪು ಅರ್ಧ ವಾಪಸ್ ಒಳಗೇ ಹೋಗುತ್ತದೆ. ಮ್ಯಾಟು, ರಗ್ಗು ಹಾಸಬೇಡಿ. ಬಿಳಿ ಬರೋದು ಕ್ರಮೇಣ ಕಡಿಮೆ ಆಗುತ್ತದೆ. ಪ್ಲಾಸ್ಟಿಕ್ ಪರೀಕ್ಷೆಯಲ್ಲಿ ಹನಿ ನಿಂತ ಮೇಲೆ ಇಂಗುವ ಸೀಲರ್ ಹಾಕಿಸಿ, ಇಲ್ಲ ತಿಪಟೂರಿನವರ ಎಣ್ಣೆ ಹಚ್ಚಿ. ಎರಡೂ ಒಟ್ಟಿಗೆ ಬೇಡ.

ಒಂದು ಸಲ ಇಡೀ ಹಾಲ್ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ. ಡಬ್ ಡಬ್ ಅಂದರೆ ಅಡಿ ಟೊಳ್ಳು. ಒಂದೆರಡಾದರೆ ಪರವಾಗಿಲ್ಲ, ಅದರ ಮೇಲೆ ಬೀರುವಿನ ಕಾಲು ಬರದ ಹಾಗೆ ನೋಡಿಕೊಳ್ಳಿ.

ಚಿಂತಾಮಣಿ ಹೊಸಮನೆ
ಅಣ್ಣ, ಸರ್, ಎಲ್ಲರಿಗೂ ಥ್ಯಾಂಕ್ಸ್. ರಿಮೂವರ್ ಹುಡುಕುತ್ತಿದ್ದೇನೆ, ಚಿಂತಾಮಣಿಯಲ್ಲಿ ಸಿಗದಿದ್ದರೆ ಬೆಂಗಳೂರಿಂದ ತರಿಸುತ್ತೇನೆ.

ಮಧುಗಿರಿ ಬೆಟ್ಟ
ಇಷ್ಟು ಜನ ತಿಳಿದವರಿದ್ದಾರೆ, ನನ್ನದೂ ಒಂದು. ಪೋರ್ಟಿಕೊಗೆ ಇದೇ ಹಾಕಿಸಬಹುದಾ? ಕಾರು ನಿಲ್ಲುತ್ತೆ, ಮಳೆ ಬೀಳುತ್ತೆ.

ಮಾಲೂರು ಗಾರೆ
ಬೇಡ. ಒದ್ದೆಯಾದರೆ ಜಾರುತ್ತೆ, ಟೈರ್ ಗುರುತು ಕೂರುತ್ತೆ, ಎಂಜಿನ್ ಆಯಿಲ್ ಹೀರುತ್ತೆ. ಅಲ್ಲಿಗೆ ಒರಟು ಕಲ್ಲು ಹಾಕಿಸಿ, ರಸ್ತೆ ಕಡೆಗೆ ವಾಟ ಕೊಡಿಸಿ.

ಸಿರಾ ಗೇಟ್
ಕಲ್ಲು ಅಂದ್ರು! ಇನ್ನು ನಾನು ಹೋಗಿ ಮಲಗುತ್ತೇನೆ.